ಜಾಸ್ ಕುಣಿತ, ಮುಸುಕಿನ ಮೆರವಣಿಗೆ: ಅಮೆರಿಕದ 1920ರ ದಶಕವನ್ನು ಹೇಗೆ ಪಾಠ ಮಾಡುವುದು?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕಿ. ಈ ಸೆಮಿಸ್ಟರ್‌ನಲ್ಲಿ ಅಮೆರಿಕದ ಇತಿಹಾಸದ ಪತ್ರಿಕೆ ನನ್ನ ಪಾಲಿಗೆ ಬಂದಿದೆ. ಮೊದಲ ಮಹಾಯುದ್ಧದ ನಂತರದ ಹತ್ತು ವರ್ಷಗಳಿಗೆ ಆರು ತರಗತಿಗಳು ಸಿಗುತ್ತವೆ. ನೋಟ್ಸ್‌ಗಳಲ್ಲಿ ಇರುವ ಚಿತ್ರ ಇಷ್ಟು: ಹೆಂಗಸರಿಗೆ ಮತದ ಹಕ್ಕು ಬಂತು, ಅವರು ಕೂದಲು ಕತ್ತರಿಸಿಕೊಂಡರು, ಎಲ್ಲರ ಮನೆಗೂ ಕಾರು ಮತ್ತು ರೇಡಿಯೊ ಬಂದವು, ಜನ ಕದ್ದು ಕುಡಿದರು, ಜಾಸ್‌ಗೆ ಕುಣಿದರು, ಷೇರು ಕೊಂಡರು, 1929ರಲ್ಲಿ ಎಲ್ಲ ಕುಸಿಯಿತು. ಆದರೆ ಅದೇ ಪುಟಗಳಲ್ಲಿ ಬಿಳಿಯರೇ ಮೇಲೆಂದು ಸಾರುವ ಮುಸುಕುಧಾರಿ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಇದೆ, ವಲಸೆಯ ಮೇಲೆ ಕಟ್ಟುನಿಟ್ಟಿನ ಕಾನೂನು ಇದೆ, ವಿಕಾಸವಾದ ಕಲಿಸಿದ ಮೇಷ್ಟರ ಮೇಲೆ ಮೊಕದ್ದಮೆಯೂ ಇದೆ. "ಹೊಟ್ಟೆ ತುಂಬಿದ ಮೇಲೆ ಮನಸ್ಸು ದೊಡ್ಡದಾಗಬೇಕಲ್ಲವೇ ಮೇಡಂ, ಇವರದ್ದೇಕೆ ಸಣ್ಣದಾಯಿತು?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಈ ದಶಕವನ್ನು ಬಿಡುಗಡೆಯ ಕಥೆಯಾಗಿ ಹೇಳಲೇ, ಮಹಾಕುಸಿತದ ಮುನ್ನುಡಿಯಾಗಿ ಹೇಳಲೇ, ನಗರಕ್ಕೂ ಹಳ್ಳಿಗೂ ನಡೆದ ಜಗಳವಾಗಿ ಹೇಳಲೇ?

ಉತ್ತರ: ನಿಮ್ಮ ಪ್ರಶ್ನೆಗಿಂತ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಕಠಿಣವಾದದ್ದು. ಅದಕ್ಕೆ ಉತ್ತರ ಸಿಕ್ಕರೆ ಯಾವ ದಾರಿ ಹಿಡಿಯಬೇಕೆಂಬುದೂ ಸ್ವಲ್ಪಮಟ್ಟಿಗೆ ತಿಳಿಯಾಗುತ್ತದೆ. ನಿಮ್ಮನ್ನು ಕಾಡುತ್ತಿರುವುದು, ಪರಸ್ಪರ ಒಗ್ಗದ ಎರಡು ಚಿತ್ರಗಳು ಒಂದೇ ಹತ್ತು ವರ್ಷಗಳೊಳಗೆ ಹೇಗೆ ಇಕ್ಕಟ್ಟಿಲ್ಲದೆ ಹಿಡಿಸಿದವು ಎಂಬುದು. ಅಮೆರಿಕದ ಇತಿಹಾಸವನ್ನು ಮೂವತ್ತು ವರ್ಷ ಪಾಠ ಮಾಡಿ ನಿವೃತ್ತನಾದವನಾಗಿ ಹೇಳುವುದಾದರೆ, ಈ ಗೊಂದಲದಲ್ಲಿ ಅರ್ಧಪಾಲು ನಮ್ಮ ನೋಟ್ಸ್‌ಗಳೇ ಹುಟ್ಟಿಸಿದ್ದು. "ಜನ ಕಾರು ಕೊಂಡರು", "ಜನ ಕುಣಿದರು" ಎಂದು ಬರೆಯುವಾಗ ಯಾವ ಜನ, ಯಾವ ಊರಿನಲ್ಲಿ, ಯಾವ ವರ್ಷ ಎಂದು ಅವು ಹೇಳುವುದಿಲ್ಲ. ಉಳಿದರ್ಧ ಮಾತ್ರ ನಿಜವಾದ ಸಮಸ್ಯೆ.

ಮೊದಲು ಕ್ಯಾಲೆಂಡರನ್ನು ಸರಿಮಾಡಿಕೊಳ್ಳೋಣ. ಯುದ್ಧ ನಿಂತದ್ದು 1918ರ ನವೆಂಬರ್‌ನಲ್ಲಿ. ಸಮೃದ್ಧಿ ಮರುದಿನವೇ ಬಾಗಿಲು ತಟ್ಟಲಿಲ್ಲ. 1919 ಅಮೆರಿಕದ ಪಾಲಿಗೆ ಭಯದ ವರ್ಷವಾಗಿತ್ತು. ಇನ್‌ಫ್ಲುಯೆಂಜಾ ಸಾಂಕ್ರಾಮಿಕ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು, ಆ ಒಂದೇ ವರ್ಷ ಸುಮಾರು 40 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು, ಹಲವು ನಗರಗಳಲ್ಲಿ ಕಪ್ಪು ಜನರ ಮೇಲೆ ಗುಂಪು ದಾಳಿಗಳಾದವು, ರಷ್ಯಾದ ಕ್ರಾಂತಿ ತಮ್ಮಲ್ಲಿಗೂ ಹರಡೀತೆಂಬ ಅಂಜಿಕೆಯಲ್ಲಿ ಸರಕಾರ ಸಾವಿರಾರು ವಲಸಿಗರನ್ನು ಬಂಧಿಸತೊಡಗಿತು. 1920–21ರಲ್ಲಿ ಬೆಲೆಗಳು ಕುಸಿದು ತೀವ್ರವಾದ ಆರ್ಥಿಕ ಹಿಂಜರಿತ ಬಂತು. ಯಾವ ದೇಶದಿಂದ ವರ್ಷಕ್ಕೆ ಎಷ್ಟು ಜನ ಬರಬಹುದೆಂದು ಮಿತಿ ಹಾಕಿದ ಮೊದಲ ವಲಸೆ ಕೋಟಾ ಕಾನೂನು ಅಂಗೀಕಾರವಾದದ್ದು ಈ ಹಿಂಜರಿತದ ನಡುವೆ, 1921ರ ಮೇ ತಿಂಗಳಲ್ಲಿ. ಪಾನನಿಷೇಧದ ಸಂವಿಧಾನ ತಿದ್ದುಪಡಿಗೆ 1919ರ ಜನವರಿಯಲ್ಲೇ ರಾಜ್ಯಗಳ ಒಪ್ಪಿಗೆ ಸಿಕ್ಕಿತ್ತು. ನಾವು ಸಮೃದ್ಧಿ ಎಂದು ಕರೆಯುವ ಕಾಲ ಹೆಚ್ಚುಕಡಿಮೆ 1922ರ ಕೊನೆಯಿಂದ 1929ರವರೆಗಿನದು. ಆದ್ದರಿಂದ ಆ ಹುಡುಗಿಗೆ ಕೊಡಬಹುದಾದ ಮೊದಲ ಉತ್ತರವೆಂದರೆ, ಹೊಟ್ಟೆ ತುಂಬಿದ ಮೇಲೆ ಮನಸ್ಸು ಸಣ್ಣದಾಯಿತೆನ್ನುವಂತಿಲ್ಲ. ಆ ಸಣ್ಣತನದ ಒಂದು ಪಾಲು ಯುದ್ಧದ ಉರಿಯಲ್ಲೂ ಅದರ ಬೆನ್ನಿಗೆ ಬಂದ ಭಯದಲ್ಲೂ ಆಗಲೇ ಕಾನೂನಾಗಿತ್ತು. ಆದರೆ ಇದು ಪೂರ್ತಿ ಉತ್ತರವಾಗದು. ಅತ್ಯಂತ ಕಠೋರವಾದ ವಲಸೆ ಕಾನೂನು ಬಂದದ್ದು 1924ರಲ್ಲಿ, ಸಮೃದ್ಧಿಯ ವರ್ಷಗಳ ನಡುವೆಯೇ.

ಇನ್ನು ಹೊಟ್ಟೆ ಯಾರದು ತುಂಬಿತ್ತು? 1920ರಲ್ಲಿ ಅಮೆರಿಕದ ಜನರಲ್ಲಿ ಸುಮಾರು ಶೇ 30ರಷ್ಟು ಮಂದಿ ಹೊಲಗಳಲ್ಲೇ ವಾಸವಾಗಿದ್ದರು. ಯುದ್ಧಕಾಲದಲ್ಲಿ ಯುರೋಪಿನ ಬೇಡಿಕೆಯನ್ನು ನಂಬಿ ಅವರು ಸಾಲ ಮಾಡಿ ಭೂಮಿ ಕೊಂಡಿದ್ದರು. ಧಾನ್ಯದ ಅಳತೆಯಾದ ಬುಶೆಲ್‌ಗೆ ಎರಡು ಡಾಲರ್ ದಾಟಿದ್ದ ಗೋಧಿಯ ಬೆಲೆ 1921ರ ಹೊತ್ತಿಗೆ ಸುಮಾರು ಒಂದು ಡಾಲರ್‌ಗೆ ಇಳಿಯಿತು. ಸಾಲದ ಅಸಲು ಮಾತ್ರ ಇಳಿಯಲಿಲ್ಲ. ಉಳಿದ ದಶಕವೆಲ್ಲ ಕೃಷಿ ಚೇತರಿಸಿಕೊಳ್ಳಲಿಲ್ಲ, ಮತ್ತು 1929ರ ಕುಸಿತಕ್ಕೆ ಮೊದಲೇ, ಬಹುತೇಕ ಹಳ್ಳಿ ಹೋಬಳಿಗಳಲ್ಲಿ, 5,000ಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಮುಚ್ಚಿದವು. ಬೆಳೆಗೆ ಬೆಂಬಲ ಬೆಲೆ ಒದಗಿಸಲು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅಂಗೀಕರಿಸಿದ ಮಸೂದೆಯನ್ನು ಅಧ್ಯಕ್ಷ ಕೂಲಿಜ್ 1927ರಲ್ಲಿ ಒಮ್ಮೆ, 1928ರಲ್ಲಿ ಇನ್ನೊಮ್ಮೆ ತಡೆದರು. 1930ರ ಹೊತ್ತಿಗೆ ದೇಶದ ಮೂರರಲ್ಲಿ ಎರಡು ಪಾಲು ಮನೆಗಳಿಗೆ ವಿದ್ಯುತ್ ಬಂದಿತ್ತು. ಹೊಲದ ಮನೆಗಳಲ್ಲಿ ಅದು ಹತ್ತರಲ್ಲಿ ಒಂದಕ್ಕೆ ಮಾತ್ರ. ರೇಡಿಯೊ ಇದ್ದ ಕುಟುಂಬಗಳು ಅದೇ ವರ್ಷದ ಜನಗಣತಿಯ ಪ್ರಕಾರ ಶೇ 40ರಷ್ಟು. ಷೇರುಪೇಟೆಯ ವಿಷಯವಂತೂ ನೋಟ್ಸ್‌ಗಳ ದೊಡ್ಡ ಉತ್ಪ್ರೇಕ್ಷೆ: ಹನ್ನೆರಡು ಕೋಟಿ ಜನರ ದೇಶದಲ್ಲಿ ದಲ್ಲಾಳಿಗಳ ಬಳಿ ಖಾತೆ ಇದ್ದವರು ಸುಮಾರು ಹದಿನೈದು ಲಕ್ಷ. 1929ರಲ್ಲೂ ಹತ್ತರಲ್ಲಿ ಸುಮಾರು ಆರು ಕುಟುಂಬಗಳ ವಾರ್ಷಿಕ ಆದಾಯ 2,000 ಡಾಲರ್‌ಗಿಂತ ಕೆಳಗಿತ್ತು.

ಹಾಗಾದರೆ ಬದಲಾವಣೆಯೇ ಸುಳ್ಳೇ ಎಂದು ಕೇಳಬಹುದು. ಖಂಡಿತ ಸುಳ್ಳಲ್ಲ, ಕಾರಿನ ವಿಷಯದಲ್ಲಿ ಅದು ನಾವು ಊಹಿಸುವುದಕ್ಕಿಂತ ಆಳವಾಗಿಯೇ ಇಳಿದಿತ್ತು. 1908ರಲ್ಲಿ 850 ಡಾಲರ್‌ಗೆ ಮಾರುಕಟ್ಟೆಗೆ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಅಗ್ಗದ ಮಾದರಿಯ ಬೆಲೆ 1925ರಲ್ಲಿ 260 ಡಾಲರ್ ಇತ್ತು. 1920ರಲ್ಲಿ ಸುಮಾರು 80 ಲಕ್ಷವಿದ್ದ ನೋಂದಾಯಿತ ಕಾರುಗಳು 1929ರಲ್ಲಿ 2 ಕೋಟಿ 30 ಲಕ್ಷವಾದವು. ಬೆಲೆ ಇಳಿದದ್ದರಷ್ಟೇ ಮುಖ್ಯವಾದದ್ದು ಕಂತಿನ ವ್ಯವಸ್ಥೆ. ಜನರಲ್ ಮೋಟರ್ಸ್ 1919ರಲ್ಲಿ ಸಾಲ ಕೊಡುವುದಕ್ಕೆಂದೇ ಒಂದು ಅಂಗಸಂಸ್ಥೆ ತೆರೆಯಿತು, ಮತ್ತು ದಶಕದ ಉತ್ತರಾರ್ಧದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಂತಿನ ಮೇಲೆ ಹೋದವು. ಹಿಂದಿನ ತಲೆಮಾರಿನಲ್ಲಿ ಸಾಲವೆಂದರೆ ನಾಚಿಕೆಯ ವಿಷಯ. ಈಗ ಅದು ತಿಂಗಳ ಲೆಕ್ಕದಲ್ಲಿ ಹಾಲು, ಬ್ರೆಡ್ಡುಗಳ ಪಕ್ಕದಲ್ಲಿ ಬಂದು ಕೂತ ಒಂದು ಸಾಲು. ನನ್ನ ದೃಷ್ಟಿಯಲ್ಲಿ ಆ ದಶಕದ ನಿಜವಾದ ಸಾಂಸ್ಕೃತಿಕ ಪಲ್ಲಟ ಇದು. ಕತ್ತರಿಸಿದ ಕೂದಲಿಗಿಂತ ಇದರ ಪರಿಣಾಮ ದೊಡ್ಡದು.

ಇಲ್ಲಿ ಒಂದು ಊರಿನ ಉದಾಹರಣೆ ಕೊಡುತ್ತೇನೆ, ಏಕೆಂದರೆ ಮುಂದೆ ಇದನ್ನೇ ನಿಮಗೆ ದಾರಿಯಾಗಿ ಸೂಚಿಸುವವನಿದ್ದೇನೆ. ಇಂಡಿಯಾನಾ ರಾಜ್ಯದ ಮನ್ಸಿ ಎಂಬುದು ಗಾಜಿನ ಭರಣಿಗಳಿಗೆ ಹೆಸರಾಗಿದ್ದ, 35,000ಕ್ಕೂ ಹೆಚ್ಚು ಜನರಿದ್ದ ಕಾರ್ಖಾನೆಯ ಪಟ್ಟಣ. ರಾಬರ್ಟ್ ಮತ್ತು ಹೆಲೆನ್ ಲಿಂಡ್ ದಂಪತಿ 1924–25ರಲ್ಲಿ ಅಲ್ಲಿ ಮನೆ ಮಾಡಿಕೊಂಡಿದ್ದು, ಜನ ಹೇಗೆ ದುಡಿಯುತ್ತಾರೆ, ಮಕ್ಕಳನ್ನು ಹೇಗೆ ಬೆಳೆಸುತ್ತಾರೆ, ಬಿಡುವಿನಲ್ಲಿ ಏನು ಮಾಡುತ್ತಾರೆ, ದೇವರನ್ನು ಹೇಗೆ ನಂಬುತ್ತಾರೆ ಎಂದು ದಾಖಲಿಸಿ, ಅದನ್ನು 1890ರ ಸ್ಥಿತಿಯೊಂದಿಗೆ ಹೋಲಿಸಿದರು. ಅವರು ಕೆಲವು ಬಡಕಲು ಮನೆಗಳಲ್ಲಿ, ಕಾರಿದ್ದ 26 ದುಡಿಮೆಗಾರ ಕುಟುಂಬಗಳನ್ನು ಸ್ನಾನದ ತೊಟ್ಟಿ ಇದೆಯೇ ಎಂದು ವಿಚಾರಿಸಿದಾಗ 21 ಮನೆಗಳಲ್ಲಿ ಅದು ಇರಲಿಲ್ಲ. ಪಾಠದಲ್ಲಿ ಈ ಅಂಕಿ ಹೇಳಿದಾಗ ವಿದ್ಯಾರ್ಥಿಗಳು ನಗುತ್ತಿದ್ದರು. ಬಳಿಕ ಅವರಲ್ಲೊಬ್ಬರು ತಮ್ಮ ಮನೆಯ ಸ್ಮಾರ್ಟ್‌ಫೋನಿನ ಕಂತಿನ ಬಗ್ಗೆ ಹೇಳುತ್ತಿದ್ದರು, ಆಮೇಲೆ ಯಾರೂ ನಗುತ್ತಿರಲಿಲ್ಲ. ಕಾರು ಆ ಪಟ್ಟಣದಲ್ಲಿ ಭಾನುವಾರದ ಚರ್ಚಿನ ವೇಳೆಯನ್ನು ಕದಲಿಸಿತು, ಹುಡುಗ ಹುಡುಗಿಯರು ಭೇಟಿಯಾಗುವ ಜಾಗವನ್ನು ಹಿರಿಯರ ಕಣ್ಣೆದುರಿನ ಜಗಲಿಯಿಂದ ಊರಾಚೆಗೆ ಸಾಗಿಸಿತು, ಕೆಲಸಗಾರನನ್ನು ಕಾರ್ಖಾನೆಯ ನೆರಳಿನ ಬಾಡಿಗೆ ಮನೆಯಿಂದ ಬಿಡಿಸಿ ದೂರದ ಬಡಾವಣೆಗೆ ಕಳಿಸಿತು. ಅದೇ ವರ್ಷಗಳಲ್ಲಿ ಅದೇ ಊರಿನಲ್ಲಿ ಕ್ಲಾನ್ ಬಲವಾಗಿತ್ತು.

ಹೆಂಗಸರ ವಿಷಯದಲ್ಲಿ ಮಿಥ್ಯೆಯನ್ನೂ ಸಂಗತಿಯನ್ನೂ ಬೇರ್ಪಡಿಸುವುದು ಕಷ್ಟವೇನಲ್ಲ. 1920ರ ಆಗಸ್ಟ್‌ನಲ್ಲಿ ಸಂವಿಧಾನದ 19ನೇ ತಿದ್ದುಪಡಿ ಊರ್ಜಿತವಾಗಿ ಮತದ ಹಕ್ಕು ಬಂದದ್ದು ನಿಜ. ದಕ್ಷಿಣದ ರಾಜ್ಯಗಳಲ್ಲಿ ಮತದಾನಕ್ಕೆ ವಿಧಿಸಿದ್ದ ತೆರಿಗೆ, ಅಕ್ಷರ ಪರೀಕ್ಷೆ ಮತ್ತು ಬೆದರಿಕೆಗಳಿಂದಾಗಿ ಕಪ್ಪು ಮಹಿಳೆಯರಿಗೆ ಅದು ಬಹುತೇಕ ಕಾಗದದ ಮೇಲೆ ಉಳಿದದ್ದೂ ಅಷ್ಟೇ ನಿಜ. ಗುಮಾಸ್ತೆ, ಬೆರಳಚ್ಚುಗಾರ್ತಿ, ಟೆಲಿಫೋನ್ ಆಪರೇಟರ್ ಹುದ್ದೆಗಳಲ್ಲಿ ಯುವತಿಯರು ಎದ್ದು ಕಾಣತೊಡಗಿದರೂ, ದುಡಿಮೆಯಲ್ಲಿದ್ದ ಒಟ್ಟು ಜನರಲ್ಲಿ ಹೆಂಗಸರ ಪಾಲು ದಶಕದ ಆರಂಭದಲ್ಲಿ ಸುಮಾರು ಐದನೇ ಒಂದರಷ್ಟಿದ್ದುದು ಕೊನೆಯಲ್ಲೂ ಅದಕ್ಕಿಂತ ತುಸುವೇ ಹೆಚ್ಚಾಗಿತ್ತು. ಮದುವೆಯಾದ ಶಿಕ್ಷಕಿಯನ್ನು ಕೆಲಸದಿಂದ ತೆಗೆಯುವ ನಿಯಮ ಅನೇಕ ಊರುಗಳ ಶಾಲಾ ಮಂಡಳಿಗಳಲ್ಲಿತ್ತು. ವ್ಯಾಕ್ಯೂಮ್ ಕ್ಲೀನರ್, ಬಟ್ಟೆ ತೊಳೆಯುವ ಯಂತ್ರಗಳು ಗೃಹಿಣಿಯ ಹೊರೆ ಇಳಿಸಿದವೆಂದು ಜಾಹೀರಾತುಗಳು ಹೇಳಿದವು. ವಾಸ್ತವದಲ್ಲಿ ಮನೆ ಎಷ್ಟು ಚೊಕ್ಕಟವಿರಬೇಕೆಂಬ ಅಳತೆಯೇ ಏರಿತು, ಆಳುಗಳನ್ನಿಟ್ಟುಕೊಳ್ಳುವ ಪದ್ಧತಿ ಕಡಿಮೆಯಾಗಿ ಒಗೆತ ಒಬ್ಬಳ ತಲೆಗೇ ಬಂತು. ಮೊಣಕಾಲಿನವರೆಗಿನ ಲಂಗ ತೊಟ್ಟು ಸಿಗರೇಟು ಹಿಡಿದ ಹುಡುಗಿ ಸುಳ್ಳು ಚಿತ್ರವೇನಲ್ಲ, ಆದರೆ ಆಕೆ ವಯಸ್ಸಿನಲ್ಲಿ ಚಿಕ್ಕವಳು, ಬಹುಮಟ್ಟಿಗೆ ಪೇಟೆಯವಳು, ಪತ್ರಿಕೆಗಳಿಗೆ ಮತ್ತು ಬಟ್ಟೆ ವ್ಯಾಪಾರಿಗಳಿಗೆ ಬಹಳ ಬೇಕಾಗಿದ್ದವಳು.

ಪಾನನಿಷೇಧದ ಬಗ್ಗೆ ಎರಡೇ ಮಾತು. ಕುಡಿಯುವುದನ್ನು ಆ ಕಾನೂನು ಎಂದೂ ಅಪರಾಧವೆನ್ನಲಿಲ್ಲ. ತಯಾರಿಕೆ, ಮಾರಾಟ, ಸಾಗಣೆಗಳನ್ನು ನಿಷೇಧಿಸಿತು. ಹಣವಂತರು ನೆಲಮಾಳಿಗೆ ತುಂಬಿಸಿಟ್ಟುಕೊಂಡರು, ವೈದ್ಯರು ಔಷಧಿಯೆಂದು ವಿಸ್ಕಿ ಬರೆದುಕೊಟ್ಟರು. "ನಿಷೇಧದಿಂದ ಕುಡಿತ ಹೆಚ್ಚಿತು" ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುತ್ತಾರೆ. ಮೊದಲ ವರ್ಷಗಳಲ್ಲಿ ಒಟ್ಟು ಸೇವನೆ ತೀವ್ರವಾಗಿ ಇಳಿದು, ಬಳಿಕ ಏರುತ್ತ ಹೋದರೂ ಹಳೆಯ ಮಟ್ಟ ಮುಟ್ಟಲಿಲ್ಲ ಎಂಬುದೇ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅಬಕಾರಿ ಆದಾಯ ಬಿಟ್ಟುಕೊಡಲು ಕೇಂದ್ರ ಸರಕಾರಕ್ಕೆ ಹೇಗೆ ಸಾಧ್ಯವಾಯಿತೆಂಬುದು ನಮ್ಮ ವಿದ್ಯಾರ್ಥಿಗಳು ತಟ್ಟನೆ ಕೇಳುವ ಪ್ರಶ್ನೆ. 1913ರಲ್ಲಿ ಬಂದ ಆದಾಯ ತೆರಿಗೆಯೇ ಅದಕ್ಕೆ ಎಡೆಮಾಡಿಕೊಟ್ಟಿತು.

ಈಗ ನಿಜವಾದ ಸಮಸ್ಯೆಗೆ ಬರೋಣ. ವರ್ಷಗಟ್ಟಲೆ ನಾನೂ ನಿಮ್ಮ ಮೂರನೆಯ ದಾರಿಯನ್ನೇ ಹಿಡಿದಿದ್ದೆ: ನಗರ ಮುಂದೆ ಎಳೆಯಿತು, ಹಳ್ಳಿ ಹಿಂದೆ ಎಳೆಯಿತು, ಹಗ್ಗಜಗ್ಗಾಟವೇ ಆ ದಶಕ. ಆಧಾರವಾಗಿ 1920ರ ಜನಗಣತಿಯನ್ನು ತೋರಿಸುತ್ತಿದ್ದೆ: ಅಮೆರಿಕದ ಇತಿಹಾಸದಲ್ಲಿ ಮೊದಲ ಬಾರಿಗೆ ನಗರವಾಸಿಗಳು ಬಹುಸಂಖ್ಯಾತರಾಗಿ, ಶೇ 51.2ಕ್ಕೆ ಏರಿದ್ದರು. ಆ ಗಣತಿಯಲ್ಲಿ ನಗರವೆಂದರೆ 2,500 ಜನರಿರುವ ಊರು ಎಂಬುದನ್ನು ನಾನು ಗಮನಿಸಿದ್ದು ತಡವಾಗಿ. ನಮ್ಮಲ್ಲಿ ಅಷ್ಟು ಜನರಿರುವುದನ್ನು ಹಳ್ಳಿ ಎನ್ನುತ್ತೇವೆ. ಅದಕ್ಕಿಂತ ಹೆಚ್ಚಾಗಿ ನನ್ನ ಪಾಠವನ್ನು ಬುಡಮೇಲು ಮಾಡಿದ್ದು ಕ್ಲಾನ್‌ನ ಲೆಕ್ಕಪತ್ರ.

1915ರಲ್ಲಿ ಜಾರ್ಜಿಯಾದಲ್ಲಿ ವಿಲಿಯಂ ಸಿಮನ್ಸ್ ಮತ್ತೆ ಹುಟ್ಟುಹಾಕಿದ ಕ್ಲಾನ್ ಐದು ವರ್ಷ ಕುಂಟುತ್ತಿದ್ದ ಸಣ್ಣ ಕೂಟ. 1920ರಲ್ಲಿ ಸಿಮನ್ಸ್ ಇಬ್ಬರು ವೃತ್ತಿಪರ ಪ್ರಚಾರಕರನ್ನು ಗೊತ್ತುಮಾಡಿಕೊಂಡರು: ಎಡ್ವರ್ಡ್ ಯಂಗ್ ಕ್ಲಾರ್ಕ್ ಮತ್ತು ಎಲಿಜಬೆತ್ ಟೈಲರ್. ಸದಸ್ಯತ್ವಕ್ಕೆ ಹತ್ತು ಡಾಲರ್. ಅದರಲ್ಲಿ ನಾಲ್ಕು ಡಾಲರ್ ಸದಸ್ಯನನ್ನು ಕರೆತಂದ ಏಜೆಂಟನಿಗೆ, ಉಳಿದದ್ದರಲ್ಲಿ ಮೇಲಿನವರಿಗೆ ಒಂದೊಂದು ಪಾಲು. ಮುಸುಕು ಮತ್ತು ನಿಲುವಂಗಿಯನ್ನೂ ಸಂಘಟನೆಯೇ ಮಾರುತ್ತಿತ್ತು. ಕಾರು ಮಾರುವವರು, ವಿಮೆ ಮಾರುವವರು ಹಿಡಿದಿದ್ದ ಮಾರಾಟದ ತಂತ್ರವನ್ನೇ ದ್ವೇಷ ಮಾರಲು ಹಚ್ಚಿದರು. ದಕ್ಷಿಣದಲ್ಲಿ ಕಪ್ಪು ಜನರ ವಿರುದ್ಧ, ಮಧ್ಯಪಶ್ಚಿಮದಲ್ಲಿ ಕ್ಯಾಥೊಲಿಕರ ವಿರುದ್ಧ, ಬೇರೆಡೆ ಯೆಹೂದಿಗಳ ಅಥವಾ ಕಳ್ಳಭಟ್ಟಿಯವರ ವಿರುದ್ಧ, ಗಿರಾಕಿಗೆ ತಕ್ಕ ಸರಕು. ದಶಕದ ನಡುವೆ ಸದಸ್ಯರ ಸಂಖ್ಯೆ ಇಪ್ಪತ್ತರಿಂದ ಐವತ್ತು ಲಕ್ಷದ ನಡುವೆ ಎಲ್ಲೋ ಇತ್ತೆಂದು ಅಂದಾಜು. ಡೆನ್ವರ್, ಇಂಡಿಯಾನಾಪೊಲಿಸ್, ಷಿಕಾಗೊ, ಡೆಟ್ರಾಯಿಟ್‌ನಂಥ ದೊಡ್ಡ ನಗರಗಳಲ್ಲಿ ಅದಕ್ಕೆ ಸಾವಿರಾರು ಸದಸ್ಯರಿದ್ದರು. ಗುಮಾಸ್ತರು, ಅಂಗಡಿಕಾರರು, ಪಾದ್ರಿಗಳು, ದಂತವೈದ್ಯರು. ಪಿಕ್‌ನಿಕ್‌ಗಳಿದ್ದವು, ಬೇಸ್‌ಬಾಲ್ ತಂಡಗಳಿದ್ದವು, ಮೆರವಣಿಗೆಗೆ ಜನ ಕಾರಿನಲ್ಲಿ ಬರುತ್ತಿದ್ದರು.

ಎಲಿಜಬೆತ್ ಟೈಲರ್ ಅವರನ್ನು ನೋಡಿ. ಸ್ವಂತ ದುಡಿಮೆಯಿಂದ ವ್ಯವಹಾರದಲ್ಲಿ ಮೇಲೆ ಬಂದ ಮಹಿಳೆ. "ಹೊಸ ಹೆಣ್ಣು" ಎಂಬ ಶೀರ್ಷಿಕೆಯಡಿ ನೋಟ್ಸ್‌ಗಳು ಹೊಗಳುವ ಎಲ್ಲ ಲಕ್ಷಣಗಳೂ ಆಕೆಯಲ್ಲಿವೆ. ಇಂಡಿಯಾನಾದಲ್ಲಿ ಕ್ಲಾನ್‌ನ ಮಹಿಳೆಯರಿಗೆ ಮುಂದಾಳಾದ ಡೇಸಿ ಡಗ್ಲಸ್ ಬಾರ್ ಕ್ವೇಕರ್ ಎಂಬ ಕ್ರೈಸ್ತ ಪಂಥದ ಧರ್ಮೋಪದೇಶಕಿ, ಪಾನನಿಷೇಧಕ್ಕೂ ಮಹಿಳಾ ಮತಕ್ಕೂ ದುಡಿದಿದ್ದವರು. ಇವರನ್ನು "ಹೊಸದು" ಎಂಬ ಕಾಲಂನಲ್ಲಿ ಬರೆಯುವಿರೋ "ಹಳೆಯದು" ಎಂಬ ಕಾಲಂನಲ್ಲಿ ಬರೆಯುವಿರೋ? ಎರಡು ಕಾಲಂಗಳ ಪಟ್ಟಿಯನ್ನು ನಾನು ಕಪ್ಪುಹಲಗೆಯಿಂದ ಅಳಿಸಿದ್ದು ಇದೇ ಕಾರಣಕ್ಕೆ.

ವಿಕಾಸವಾದದ ಮೊಕದ್ದಮೆಯನ್ನೂ ಇದೇ ಕಣ್ಣಿನಿಂದ ನೋಡಬೇಕು. 1925ರ ಜುಲೈಯಲ್ಲಿ ಟೆನೆಸ್ಸೀ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಯುವ ಶಿಕ್ಷಕರ ಮೇಲೆ ನಡೆದ ಆ ವಿಚಾರಣೆಯನ್ನು ಊರಿನ ಕೆಲವು ಪ್ರಮುಖರು ಔಷಧಿ ಅಂಗಡಿಯೊಂದರಲ್ಲಿ ಕೂತು ಯೋಜಿಸಿದ್ದರು. ಊರಿಗೆ ಹೆಸರು ಬರಲಿ, ನಾಲ್ಕು ಕಾಸು ವ್ಯಾಪಾರವಾಗಲಿ ಎಂಬುದು ಅವರ ಲೆಕ್ಕಾಚಾರ. ಷಿಕಾಗೊದ ರೇಡಿಯೊ ಕೇಂದ್ರವೊಂದು ಅದನ್ನು ನೇರವಾಗಿ ಪ್ರಸಾರ ಮಾಡಿತು. ಬೈಬಲ್ ಪರವಾಗಿ ನಿಂತ ವಿಲಿಯಂ ಜೆನಿಂಗ್ಸ್ ಬ್ರಯಾನ್ ಮೂರು ಬಾರಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದವರು, ರೈತರ ಪರ, ಮಹಿಳಾ ಮತದ ಪರ. ಇನ್ನೊಂದೆಡೆ, ಸ್ಕೋಪ್ಸ್ ಬಳಸಿದ ಜೀವಶಾಸ್ತ್ರದ ಪಠ್ಯ ವಿಕಾಸವಾದದ ಜೊತೆಗೆ ಜನಾಂಗಗಳ ಮೇಲುಕೀಳನ್ನೂ "ತಳಿ ಸುಧಾರಣೆ"ಯ ತತ್ತ್ವವನ್ನೂ ವಿಜ್ಞಾನವೆಂದೇ ಕಲಿಸುತ್ತಿತ್ತು. 1927ರಲ್ಲಿ ಸುಪ್ರೀಂ ಕೋರ್ಟು "ಅಯೋಗ್ಯ"ರೆನಿಸಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ವರ್ಜೀನಿಯಾದ ಕಾನೂನನ್ನು ಎಂಟಕ್ಕೆ ಒಂದು ಮತದಿಂದ ಎತ್ತಿಹಿಡಿದದ್ದು ಆ ವಿಜ್ಞಾನವನ್ನು ನಂಬಿಯೇ. ವಲಸೆ ಸಮಿತಿಯ ಮುಂದೆ ತಜ್ಞರಾಗಿ ಸಾಕ್ಷ್ಯ ನುಡಿದ ಹ್ಯಾರಿ ಲಾಫ್ಲಿನ್ ಕೂಡ ಇದೇ ತಳಿ ಸುಧಾರಣೆಯವರು. ಕೋಟಾ ಕಾನೂನು ಮಾಡಿದವರಲ್ಲಿ ಅನೇಕರು ತಮ್ಮನ್ನು ಹಳಬರೆಂದು ಭಾವಿಸಿರಲಿಲ್ಲ. ತಮ್ಮದು ಅತ್ಯಾಧುನಿಕ, ಅಂಕಿ ಅಂಶಗಳ ಆಡಳಿತ ಎಂದೇ ತಿಳಿದಿದ್ದರು.

ಆ ಹುಡುಗಿಗೆ ಕೊಡಬೇಕಾದ ಉತ್ತರದ ತಿರುಳು ನನ್ನ ಮಟ್ಟಿಗೆ ಇಲ್ಲಿದೆ. ಕಾರು, ರೇಡಿಯೊ, ಕಂತು, ಜಾಹೀರಾತು, ಕಮಿಷನ್ ಮೇಲೆ ಮಾರಾಟ, ಅಂಕಿಗಳ ಮೇಲಿನ ಭರವಸೆ ಇವೆಲ್ಲ ಆ ದಶಕದ ಸಲಕರಣೆಗಳು; ಕುಣಿಯಲು ಹೊರಟವರಿಗೂ ಬಾಗಿಲು ಮುಚ್ಚಲು ಹೊರಟವರಿಗೂ ಅವು ಸಮನಾಗಿ ಒದಗಿದವು. ಲಾಸ್ ಏಂಜಲಿಸ್‌ನಲ್ಲಿ 1923ರಲ್ಲಿ 5,300 ಆಸನಗಳ ಪ್ರಾರ್ಥನಾ ಮಂದಿರ ಕಟ್ಟಿಸಿ, ಮರುವರ್ಷ ಸ್ವಂತ ರೇಡಿಯೊ ಕೇಂದ್ರ ತೆರೆದ ಏಮಿ ಸೆಂಪಲ್ ಮ್ಯಾಕ್‌ಫರ್ಸನ್ ಬೋಧಿಸಿದ್ದು ಹಳೆಯ ಧರ್ಮವನ್ನು, ಬಳಸಿದ್ದು ಅತಿ ಹೊಸ ಯಂತ್ರವನ್ನು.

ಜಾಸ್‌ನ ಕಥೆಯಲ್ಲಿ ಕಾರಣಗಳ ಸರಪಳಿ ಇನ್ನೂ ವಿಚಿತ್ರವಾಗಿ ಸುತ್ತಿಕೊಳ್ಳುತ್ತದೆ. ಯುದ್ಧದಿಂದಾಗಿ ಯುರೋಪಿನ ವಲಸೆ ನಿಂತಾಗ ಉತ್ತರದ ಕಾರ್ಖಾನೆಗಳು ದಕ್ಷಿಣದ ಕಪ್ಪು ಕಾರ್ಮಿಕರನ್ನು ಕರೆಸಿಕೊಂಡವು. ಯುದ್ಧಾನಂತರ ಕೋಟಾ ಕಾನೂನುಗಳು ಬಂದು ಆ ಬೇಡಿಕೆ ಮುಂದುವರಿಯಿತು. ಅವರೊಂದಿಗೆ ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದ ಜಾಸ್ ಸಂಗೀತವೂ ಉತ್ತರಕ್ಕೆ ಹೋಯಿತು. ಜಾಸ್ ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1922ರಲ್ಲಿ ಷಿಕಾಗೊಗೆ ರೈಲು ಹತ್ತಿದರು. ವಲಸೆಯನ್ನು ತಡೆಯಲು ಹೊರಟ ಸಂಕುಚಿತ ಕಾನೂನು, ತನಗರಿವಿಲ್ಲದೆ, ತಾನು ಬಯಸದ ಸಂಗೀತಕ್ಕೆ ಕೇಳುಗರನ್ನು ಒದಗಿಸಿತು. ಆದರೆ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಾಟನ್ ಕ್ಲಬ್‌ನಲ್ಲಿ ವಾದ್ಯವೃಂದದ ನಾಯಕ ಡ್ಯೂಕ್ ಎಲಿಂಗ್ಟನ್ 1927ರ ಡಿಸೆಂಬರ್‌ನಿಂದ ನುಡಿಸುತ್ತಿದ್ದಾಗ ವೇದಿಕೆಯ ಮೇಲಿದ್ದವರೆಲ್ಲ ಕಪ್ಪು ಜನರು, ಟಿಕೆಟ್ ಕೊಂಡು ಒಳಗೆ ಕೂರುವ ಅವಕಾಶ ಬಿಳಿಯರಿಗೆ. ಒಕ್ಲಹೋಮಾದ ತುಲ್ಸಾ ನಗರದಲ್ಲಿ 1921ರಲ್ಲಿ ಸ್ಥಿತಿವಂತ ಕಪ್ಪು ಜನರ ಗ್ರೀನ್‌ವುಡ್ ಬಡಾವಣೆಯನ್ನು ಬಿಳಿಯರ ಗುಂಪು ಒಂದು ರಾತ್ರಿ ಬೆಳಗಾಗುವುದರೊಳಗೆ ಸುಟ್ಟುಹಾಕಿತ್ತು. "ಜಾಸ್ ಯುಗ" ಎಂದು ಶೀರ್ಷಿಕೆ ಕೊಟ್ಟು ಇವೆರಡನ್ನೂ ಬಿಟ್ಟರೆ ಪಾಠ ಅರ್ಧವಾಗುತ್ತದೆ.

ನಗರಗಳು ಬೆಳೆದರೂ ರಾಜಕೀಯ ಬಲ ಅವುಗಳತ್ತ ಏಕೆ ಜಾರಲಿಲ್ಲವೆಂಬುದಕ್ಕೆ ಒಂದು ಒಣ ಕಾರಣವಿದೆ, ನನಗೆ ಬಹಳ ಇಷ್ಟವಾದದ್ದು. ಪ್ರತಿ ಜನಗಣತಿಯ ನಂತರ ಪ್ರತಿನಿಧಿ ಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಮರುಹಂಚುವುದು ಸಂವಿಧಾನದ ವಿಧಿ. 1920ರ ಗಣತಿಯ ನಂತರ ಕಾಂಗ್ರೆಸ್ ಅದನ್ನು ಮಾಡಲೇ ಇಲ್ಲ. ಇಡೀ ದಶಕ 1910ರ ಲೆಕ್ಕದ ಮೇಲೆ ಸದನ ನಡೆಯಿತು. 1924ರ ವಲಸೆ ಕಾನೂನಿಗೆ ಮತ ಹಾಕಿದ ಸಭೆ, ಆ ಹೊತ್ತಿನ ಅಮೆರಿಕಕ್ಕಿಂತ ಹದಿನಾಲ್ಕು ವರ್ಷ ಹಳೆಯದಾದ ಅಮೆರಿಕವನ್ನು ಪ್ರತಿನಿಧಿಸುತ್ತಿತ್ತು.

ಈಗ ನಿಮ್ಮ ಮೂರು ದಾರಿಗಳು. ಬಿಡುಗಡೆಯ ಕಥೆ ತರಗತಿಯಲ್ಲಿ ಚೆನ್ನಾಗಿ ಓಡುತ್ತದೆ, ಚಿತ್ರಗಳು ಸಿಗುತ್ತವೆ, ವಿದ್ಯಾರ್ಥಿಗಳು ಎಚ್ಚರವಾಗಿರುತ್ತಾರೆ. ಅದರ ಅಪಾಯವೆಂದರೆ ಕೊಳ್ಳುವ ಸ್ವಾತಂತ್ರ್ಯವನ್ನೂ ಹಕ್ಕನ್ನೂ ಒಂದೇ ಎಂದು ಮಕ್ಕಳು ತಿಳಿದುಬಿಡುತ್ತಾರೆ, ಮತ್ತು ಕ್ಲಾನ್ ಎಲ್ಲಿಂದಲೋ ಬಂದ ಪಿಶಾಚಿಯಂತೆ ಕಾಣುತ್ತದೆ. ಕುಸಿತದ ಮುನ್ನುಡಿಯಾಗಿ ಹೇಳಿದರೆ ಕಾರ್ಯಕಾರಣ ಸಂಬಂಧ ಬಿಗಿಯಾಗುತ್ತದೆ, ಪರೀಕ್ಷೆಗೂ ಅನುಕೂಲ. ಆದರೆ 1925ರಲ್ಲಿ ಕಂತು ಕಟ್ಟುತ್ತಿದ್ದ ಮನ್ಸಿಯ ಕಾರ್ಮಿಕನಿಗೆ 1929 ಗೊತ್ತಿರಲಿಲ್ಲ. ಅವನನ್ನು ಮೂರ್ಖನಾಗಿ ತೋರಿಸುವುದು ಇತಿಹಾಸಕಾರರು ಸುಲಭವಾಗಿ ಮಾಡುವ ಅನ್ಯಾಯ. ಮಹಾಕುಸಿತದ ಕಾರಣಗಳನ್ನು ಕಂತಿನ ಸಾಲಕ್ಕೆ ಅಥವಾ ಷೇರಿನ ದುರಾಸೆಗೆ ಮಾತ್ರ ಕಟ್ಟಿಹಾಕಲೂ ಆಗದು. ನಗರ–ಹಳ್ಳಿಯ ಜಗಳದ ದಾರಿಯಲ್ಲಿ ಸತ್ಯವೇ ಇಲ್ಲವೆನ್ನಲಾರೆ. 1928ರಲ್ಲಿ ನ್ಯೂಯಾರ್ಕಿನ ಕ್ಯಾಥೊಲಿಕ್ ಆಲ್ ಸ್ಮಿತ್ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತ ಚುನಾವಣೆಯನ್ನು ಅದಿಲ್ಲದೆ ವಿವರಿಸುವುದು ಕಷ್ಟ. ಆದರೆ ಡೆನ್ವರ್‌ನ ಗುಮಾಸ್ತನೂ ಎಲಿಜಬೆತ್ ಟೈಲರ್ ಕೂಡ ಆ ಚೌಕಟ್ಟಿನಿಂದ ಹೊರಗೆ ಬೀಳುತ್ತಾರೆ, ಮತ್ತು ನಮ್ಮ ತರಗತಿಗಳಲ್ಲಿ ಅರ್ಧದಷ್ಟು ಮಂದಿ ಹಳ್ಳಿಯಿಂದ ಬಂದವರು. "ಹಳ್ಳಿಯವರು ಹಿಂದುಳಿದವರು" ಎಂಬ ಧ್ವನಿ ಅವರಿಗೆ ಮೊದಲು ತಲುಪುತ್ತದೆ.

ನಾನು ಕೊನೆಯ ಹತ್ತು ವರ್ಷ ಹಿಡಿದದ್ದು ನಾಲ್ಕನೆಯ ದಾರಿ: ಒಂದು ಊರು, ಒಂದು ಸಲಕರಣೆ. ಮನ್ಸಿಯಂಥ ಪಟ್ಟಣವೊಂದನ್ನು ಎದುರಿಗಿಟ್ಟುಕೊಂಡು ಒಂದು ತರಗತಿ ಕಾರಿನ ಬೆನ್ನು ಹತ್ತುವುದು, ಒಂದು ರೇಡಿಯೊದ್ದು, ಒಂದು ಹತ್ತು ಡಾಲರ್ ಸದಸ್ಯತ್ವದ್ದು. ಇದಕ್ಕೂ ತನ್ನದೇ ಆದ ಕೊರತೆಗಳಿವೆ, ಮುಚ್ಚಿಡುವುದಿಲ್ಲ. ಲಿಂಡ್ ದಂಪತಿ ಆ ಊರನ್ನು ಆರಿಸಿದ್ದೇ ಅಲ್ಲಿ ವಲಸಿಗರೂ ಕಪ್ಪು ಜನರೂ ಕಡಿಮೆ ಎಂಬ ಕಾರಣಕ್ಕೆ, ಇದ್ದ ಕಪ್ಪು ಜನರನ್ನೂ ಅವರು ಅಧ್ಯಯನದಿಂದ ಹೊರಗಿಟ್ಟರು. ಹಾಗಾಗಿ ಮನ್ಸಿಯನ್ನು ಇಡೀ ಅಮೆರಿಕವೆಂದು ಹೇಳಿದರೆ ನೀವೂ ಅದೇ ತಪ್ಪು ಮಾಡಿದಂತಾಗುತ್ತದೆ. ಷಿಕಾಗೊ ಅಥವಾ ತುಲ್ಸಾಕ್ಕೆ ಒಂದು ತರಗತಿ, ಹೊಲದ ಸಾಲಕ್ಕೆ ಅರ್ಧ ತರಗತಿ ಮೀಸಲಿಡಲೇಬೇಕು. ಹೀಗೆ ಕಲಿಸಿದರೆ ಪಠ್ಯಕ್ರಮದ ಕೆಲವು ಹೆಸರುಗಳು, ಉದಾಹರಣೆಗೆ ಅಧ್ಯಕ್ಷ ಹಾರ್ಡಿಂಗ್ ಆಡಳಿತದ ಹಗರಣಗಳು, ಪಾಠದಲ್ಲಿ ಬರುವುದಿಲ್ಲ. ಅವನ್ನು ಒಂದು ಪುಟದ ಟಿಪ್ಪಣಿಯಾಗಿ ಕೊಟ್ಟುಬಿಡಿ.

"ಆಗ ಅಲ್ಲಿ ನಮ್ಮವರು ಇರಲಿಲ್ಲವೇ ಸರ್?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ನಿಮಗೂ ಈ ಪ್ರಶ್ನೆ ಬರುತ್ತದೆ, ಸಿದ್ಧರಾಗಿರಿ. ಭಾರತದಿಂದ ಹೊಸ ವಲಸೆಯನ್ನು 1917ರ ಕಾನೂನೇ ಬಹುತೇಕ ನಿಲ್ಲಿಸಿತ್ತು. ಮೊದಲೇ ಹೋಗಿ ನೆಲೆಸಿದ್ದವರಲ್ಲಿ ಭಗತ್ ಸಿಂಗ್ ಥಿಂಡ್ ಒಬ್ಬರು. ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಪೌರತ್ವ "ಬಿಳಿಯ"ರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಸಿಗುತ್ತಿದ್ದ ಕಾಲ ಅದು. 1922ರ ನವೆಂಬರ್‌ನಲ್ಲಿ ಜಪಾನ್ ಮೂಲದ ಒಜಾವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಿಳಿಯರೆಂದರೆ ಕಾಕೇಸಿಯನ್ ಜನಾಂಗದವರು ಎಂದಿತು. ಆ ಕಾಲದ ಮಾನವಶಾಸ್ತ್ರದ ಪ್ರಕಾರ ನಾನೂ ಕಾಕೇಸಿಯನ್ ಎಂದು ಥಿಂಡ್ ವಾದಿಸಿದರು. ಮೂರು ತಿಂಗಳ ನಂತರ, 1923ರ ಫೆಬ್ರವರಿಯಲ್ಲಿ, ವಿಜ್ಞಾನ ಏನೇ ಹೇಳಲಿ ಸಾಮಾನ್ಯ ಜನ ನಿಮ್ಮನ್ನು ಬಿಳಿಯರೆನ್ನುವುದಿಲ್ಲ ಎಂದು ಅದೇ ಕೋರ್ಟು ತೀರ್ಪಿತ್ತಿತು. ಎರಡೂ ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವರು. ಹಲವು ಭಾರತೀಯರ ಪೌರತ್ವ ರದ್ದಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋದಾಸ್ ಬಾಗೈ ಹೀಗೆ ಪೌರತ್ವವನ್ನೂ ಆಸ್ತಿಯನ್ನೂ ಕಳೆದುಕೊಂಡು 1928ರಲ್ಲಿ ಪ್ರಾಣ ಬಿಟ್ಟುಕೊಂಡರು. ಪೌರತ್ವ ಪಡೆಯಲು ಅನರ್ಹರಾದವರನ್ನು ಮದುವೆಯಾದ ಅಮೆರಿಕದ ಹೆಣ್ಣಿನ ಪೌರತ್ವವೂ 1922ರ ಕಾನೂನಿನಂತೆ ಹೋಗುತ್ತಿತ್ತು. ಮತದ ಹಕ್ಕು ಬಂದು ಎರಡೇ ವರ್ಷವಾಗಿತ್ತು. ಇಂದು ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಬಹುಪಾಲು ಅಲ್ಲಿಗೆ ಹೋದದ್ದು 1924ರ ಆ ಕೋಟಾ ವ್ಯವಸ್ಥೆಯನ್ನು 1965ರ ಕಾನೂನು ಕಿತ್ತುಹಾಕಿದ ನಂತರವೇ.

ಆರು ತರಗತಿಗಳಲ್ಲಿ ಮೊದಲನೆಯದನ್ನು ಫೋರ್ಡ್ ಕಾರಿನ ಚಿತ್ರದಿಂದ ಆರಂಭಿಸಬೇಡಿ ಎಂಬುದೊಂದು ಸಲಹೆ. ಕಪ್ಪುಹಲಗೆಯ ಮೇಲೆ ಎರಡು ಸಂಖ್ಯೆ ಬರೆಯಿರಿ: 42,057 ಮತ್ತು 3,845. ಇಟಲಿಯಿಂದ ವರ್ಷಕ್ಕೆ ಎಷ್ಟು ಜನ ಬರಬಹುದೆಂದು 1921ರ ಕಾನೂನು ಇಟ್ಟ ಮಿತಿ ಮೊದಲನೆಯದು, 1924ರದ್ದು ಎರಡನೆಯದು. ಮೊದಲ ಕಾನೂನು 1910ರ ಗಣತಿಯ ಶೇ 3ರ ಲೆಕ್ಕ ಹಿಡಿದರೆ, ಎರಡನೆಯದು ಇಟಲಿಯವರು ಇನ್ನೂ ಕಡಿಮೆ ಇದ್ದ 1890ರ ಗಣತಿಗೆ ಹಿಂದೆ ಸರಿದು ಶೇ 2 ಎಂದಿತು. ಬೇರೇನನ್ನೂ ವಿವರಿಸದೆ, ಹೊಸ ಗಣತಿ ಕೈಯಲ್ಲಿದ್ದಾಗ ಹಳೆಯದನ್ನು ಏಕೆ ತೆಗೆದರೆಂದು ಆ ವಿದ್ಯಾರ್ಥಿನಿಯನ್ನೇ ಕೇಳಿ.